ಎರಡನೇ ಆಲ್ಬಮ್‌ನಲ್ಲಿ ಕೇಳದೇ ಹೋದ ಗೆಜ್ಜೆ

ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ನಾನು ಹತ್ತುವುದು ಹಾಡು ಕೇಳಿಕೊಂಡೇ. 2013ರ ಕೊನೆಯ ಒಂದು ಭಾನುವಾರ ಬೆಳಿಗ್ಗೆ, ಆಗಷ್ಟೇ ಬಂದಿದ್ದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ‘ಜಗ್ ಚಂಗಾ’ ಆಲ್ಬಮ್ಮನ್ನು ಮೊಬೈಲಿಗೆ ಹಾಕಿಕೊಂಡು ಪಾದದಿಂದ ಹೊರಟೆ. ನಂದಿ ವಿಗ್ರಹ ತಲುಪುವಷ್ಟರಲ್ಲಿ ಇಯರ್‌ಫೋನ್ ತೆಗೆದು ಜೇಬಿಗಿಟ್ಟೆ. ಐದು ವರ್ಷ ಕಾದಿದ್ದ ಹಾಡುಗಳು. ಮನಸ್ಸಿಗೆ ನಿಜವಾಗಿಯೂ ನೋವಾಯಿತು. ಮಿಕ್ಕ ಮೆಟ್ಟಿಲುಗಳನ್ನು ಹಕ್ಕಿಗಳ ಸದ್ದು ಕೇಳುತ್ತಲೇ ಹತ್ತಿದೆ.

ಸಂಗೀತ ಕಲಿತವನಲ್ಲ ನಾನು. ಬಸ್ಸಿನಲ್ಲಿ, ನಡಿಗೆಯಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ ಒಂದಿಷ್ಟು ಹಾಡು ಕೇಳುವ ಸಾಮಾನ್ಯ ಶ್ರೋತೃ. ಆದರೆ ಸಾಮಾನ್ಯ ಶ್ರೋತೃವಿಗೂ ಒಂದು ತಂಡ ‘ನಮ್ಮದು’ ಅನ್ನಿಸಿಬಿಡುತ್ತದೆ. ಮೈಸೂರಿನವರಿಗೆ ರಘು ದೀಕ್ಷಿತ್ ಹಾಗೆ ಅನ್ನಿಸಲು ಕಾರಣಗಳಿದ್ದವು. ಈ ಊರಲ್ಲೇ ಬೆಳೆದವರು, ಇಲ್ಲೇ ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ಕುಣಿಯುವ ಹುಡುಗನೆಂದು ಸಹಪಾಠಿಯೊಬ್ಬ ಛೇಡಿಸಿದ್ದಕ್ಕೆ ಪಂಥ ಕಟ್ಟಿ ಗಿಟಾರ್ ಹಿಡಿದ ಕಥೆಯನ್ನು ಅವರೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಕಟ್ಟಿದ ‘ಅಂತರಾಗ್ನಿ’ ತಂಡದಲ್ಲಿ ಎಚ್.ಎನ್. ಭಾಸ್ಕರ್ ಅವರ ಪಿಟೀಲು ಇತ್ತು. ಕರ್ನಾಟಕ ಸಂಗೀತದ ಪಿಟೀಲು, ಪಕ್ಕದಲ್ಲಿ ಅಕೌಸ್ಟಿಕ್ ಗಿಟಾರ್, ನಡುವೆ ಗಂಟಲು ಬಿಚ್ಚಿ ಹಾಡುವ ಒಬ್ಬ ಹುಡುಗ.

2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಮ್ ಬಂತು. ಅದಕ್ಕೆ ಮೊದಲು ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಬರಿಗೈಲಿ ಬಂದದ್ದೇ ಹೆಚ್ಚು. ಕೊನೆಗೆ ಕೈಹಿಡಿದದ್ದು ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿ. ಅವರದೇ ಲೇಬಲ್‌ನಲ್ಲಿ ಅದು ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ಮಗ್ಗುಲಲ್ಲೇ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಕೂತಿತ್ತು. ವೇದಿಕೆಯ ಮೇಲೆ ರಘು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ನೆಲ ಒದ್ದು ಹಾಡುತ್ತಿದ್ದರು. ಆ ವೇಷದಲ್ಲೇ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋದರು. ಮೈಸೂರಿನಲ್ಲಿ ಕೂತು ಯೂಟ್ಯೂಬಿನಲ್ಲಿ ಆ ವಿಡಿಯೋ ನೋಡಿದ ನನಗೆ ಮೈ ಝುಂ ಅಂದಿತ್ತು.

ಆಮೇಲೆ ಬಂದದ್ದು ‘ಜಗ್ ಚಂಗಾ’. ಅದನ್ನು ಕೆಟ್ಟ ಆಲ್ಬಮ್ ಎಂದು ನಾನು ಹೇಳಲಾರೆ. ವಾದ್ಯಗಳು ತುಂಬಿ ತುಳುಕುತ್ತಿವೆ, ಎಲ್ಲೂ ಒಂದು ಏಟು ತಪ್ಪುವುದಿಲ್ಲ, ದನಿ ಮೊದಲಿಗಿಂತ ಪಳಗಿದೆ. ನನ್ನ ತಕರಾರು ಅಲ್ಲೇ. ಮೊದಲ ಆಲ್ಬಮ್‌ನಲ್ಲಿ ಹಾಡಿನ ನಡುವೆ ಜಾಗವಿತ್ತು. ಕೇಳುವವನು ನುಗ್ಗಿ ತಾನೂ ಒಂದು ಸಾಲು ಕೂಗಬಹುದಿತ್ತು. ಇಲ್ಲಿ ಆ ಜಾಗವನ್ನೆಲ್ಲ ಸದ್ದು ತುಂಬಿಕೊಂಡಿತ್ತು. ಅಲ್ಲಿ ಅಂಗಳದಲ್ಲಿ ಕೂತು ಹಾಡಿದಂತಿತ್ತು, ಇಲ್ಲಿ ಛತ್ರದಲ್ಲಿ ಹಾಡಿದಂತಿತ್ತು. ಗೆಜ್ಜೆಯನ್ನು ಹುಡುಕಿ ಹುಡುಕಿ ಸೋತೆ.

ಇದಕ್ಕೊಂದು ಸರಳ ಕಾರಣವೂ ಇದೆ. ಮೊದಲ ಆಲ್ಬಮ್‌ನ ಹಾಡುಗಳಲ್ಲಿ ಕೆಲವು ಅಂತರಾಗ್ನಿಯ ಕಾಲದಿಂದ ವರ್ಷಗಟ್ಟಲೆ ವೇದಿಕೆ ಏರಿ ಇಳಿದು ಮಾಗಿದವು. ಯಾವ ಸಾಲಿಗೆ ಜನ ಚಪ್ಪಾಳೆ ತಟ್ಟುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದೆಲ್ಲ ಹಾಡಿನ ಮೈಗೆ ಹತ್ತಿಕೊಂಡಿತ್ತು. ಎರಡನೆಯದಕ್ಕೆ ಯಾವ ತಂಡಕ್ಕೂ ಅಷ್ಟು ಕಾಲ ಸಿಗುವುದಿಲ್ಲ. ಕೇಳುವವರು ಮಾತ್ರ ಅಂಥದೇ ಮಾಗಿದ ಹಣ್ಣನ್ನು ಕೇಳುತ್ತಾರೆ.

ತಂಡದ ಸದ್ದು ನಯವಾದಾಗ ಹಳೆಯ ಅಭಿಮಾನಿಗಳಿಗಾಗುವ ಈ ಸಂಕಟ ಮತ್ತೆ ಮತ್ತೆ ಕಾಣುವುದು ಪಂಕ್ ಸಂಗೀತದ ಲೋಕದಲ್ಲಿ. ಅಲ್ಲಿ ಒರಟುತನವೇ ನಂಬಿಕೆ. ನ್ಯೂಯಾರ್ಕಿನ ರಮೋನ್ಸ್ ತಂಡ 1976ರಲ್ಲಿ ಮೊದಲ ಆಲ್ಬಮ್ ಮಾಡಿದ್ದು ಸುಮಾರು 6,400 ಡಾಲರ್ ಖರ್ಚಿನಲ್ಲಿ. 14 ಹಾಡು, ಎಲ್ಲ ಸೇರಿ 29 ನಿಮಿಷ. ಗಿಟಾರಿನಲ್ಲಿ ಮೂರ್ನಾಲ್ಕು ಕಾರ್ಡ್ ಹಿಡಿಯಲು ಬಂದರೆ ಸಾಕು, ನೀನೂ ಒಂದು ತಂಡ ಕಟ್ಟಬಹುದು ಎಂಬ ಧೈರ್ಯವನ್ನು ಎಷ್ಟೋ ಹುಡುಗರಿಗೆ ಅದು ಕೊಟ್ಟಿತು. ನಾಲ್ಕೇ ವರ್ಷಕ್ಕೆ, 1980ರಲ್ಲಿ, ಅದೇ ತಂಡ ಫಿಲ್ ಸ್ಪೆಕ್ಟರ್ ಎಂಬ ಹೆಸರಾಂತ ನಿರ್ಮಾಪಕನ ಕೈಗೆ ಬಿತ್ತು. ಸದ್ದಿನ ಮೇಲೆ ಸದ್ದು ಪೇರಿಸಿ ಗೋಡೆ ಎಬ್ಬಿಸುವುದು ಅವನ ವಿದ್ಯೆ. ಒಂದು ಹಾಡಿಗಂತೂ ಪಿಟೀಲುಗಳ ವಾದ್ಯವೃಂದವನ್ನೇ ಕೂರಿಸಿದ. ಅಮೆರಿಕದ ಪಟ್ಟಿಯಲ್ಲಿ ರಮೋನ್ಸ್ ಏರಿದ ಅತಿ ಎತ್ತರದ ಸ್ಥಾನ, 44, ಸಿಕ್ಕಿದ್ದು ಆ ಆಲ್ಬಮ್ಮಿಗೇ. ಹಳೆಯ ಅಭಿಮಾನಿಗಳು ಮುಖ ಕಿವುಚಿದರು, ಗಿಟಾರ್ ನುಡಿಸುತ್ತಿದ್ದ ಜಾನಿಗೂ ಅದು ಸೇರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗಿಲ್ಮನ್ ಬೀದಿಯ ಕ್ಲಬ್ಬು, ತನ್ನ ಅಂಗಳದಲ್ಲೇ ಬೆಳೆದ ಗ್ರೀನ್ ಡೇ ತಂಡ ದೊಡ್ಡ ಕಂಪನಿಗೆ ಸಹಿ ಹಾಕಿತೆಂದು ಅದಕ್ಕೆ ಬಾಗಿಲನ್ನೇ ಮುಚ್ಚಿತು. ಇಪ್ಪತ್ತು ವರ್ಷ ಕಳೆದ ಮೇಲೆ, 2015ರಲ್ಲಿ, ಆ ತಂಡ ಮತ್ತೆ ಅಲ್ಲಿ ಹಾಡಿತು. ಆ ಸಿಟ್ಟಿನ ಬಿಸಿ ನನಗೆ ಅರ್ಥವಾಗುತ್ತದೆ, ಬಾಗಿಲು ಮುಚ್ಚಿದ್ದು ಒಪ್ಪಿಗೆಯಾಗುವುದಿಲ್ಲ. ತಂಡಕ್ಕೂ ಮನೆ ಬಾಡಿಗೆ ಇರುತ್ತದೆ.

ನನ್ನ ಬೇಸರವನ್ನು ದೊಡ್ಡಪ್ಪನ ಹತ್ತಿರ ಹೇಳಿಕೊಂಡೆ. ಬ್ಯಾಂಕ್ ಕೆಲಸದಲ್ಲಿ ಹುಬ್ಬಳ್ಳಿ ಕಡೆ ಹತ್ತಾರು ವರ್ಷ ಇದ್ದು ಬಂದವರು, ಸರಸ್ವತಿಪುರಂ ಮನೆಯಲ್ಲಿ ಇವತ್ತಿಗೂ ಕ್ಯಾಸೆಟ್ಟುಗಳನ್ನು ಜೋಪಾನವಾಗಿ ಇಟ್ಟವರು. ಸಿ. ಅಶ್ವತ್ಥ್ ಹಾಡಿದ ಷರೀಫರ ಪದಗಳೆಂದರೆ ಅವರಿಗೆ ಪ್ರಾಣ. 2008ರಲ್ಲಿ ನಾನು ಕುಣಿಯುತ್ತ ರಘು ಅವರ ‘ಗುಡುಗುಡಿ’ ಕೇಳಿಸಿದಾಗ, “ಷರೀಫಜ್ಜನ ಹಾಡಿಗೆ ಇಷ್ಟು ಅವಸರ ಯಾಕಪ್ಪಾ?” ಎಂದು ಎದ್ದು ಹೋಗಿದ್ದವರು.

ಈ ಸಲ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಶ್ವತ್ಥ್ ಕ್ಯಾಸೆಟ್ ಬಂದಾಗ ನಮ್ಮ ಶಿಗ್ಗಾವಿ ಕಡೆಯ ಗೆಳೆಯನೂ ಹಿಂಗೇ ಮುಖ ಮಾಡಿದ್ದ. ‘ಚಲೋ ಅದ ಖರೆ, ಆದ್ರ ಇದ್ರಾಗ ದಮ್ಮಡಿನ ಇಲ್ಲಲ್ರೀ’ ಅಂದಿದ್ದ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಷರೀಫರು 1819ರಿಂದ 1889ರವರೆಗೆ ಬದುಕಿದವರು. ಶಿಗ್ಗಾವಿ ಸೀಮೆಯ ಭಜನೆ ಮೇಳಗಳು ದಮ್ಮಡಿ, ತಾಳ, ಏಕತಾರಿ ಹಿಡಿದು ಅವರ ತತ್ವಪದಗಳನ್ನು ರಾತ್ರಿಯಿಡೀ ಹಾಡಿಕೊಂಡು ಬಂದವು. ಅಲ್ಲಿಂದ ಅಶ್ವತ್ಥ್ ಎತ್ತಿಕೊಂಡು ಇಡೀ ನಾಡಿಗೆ ಹಂಚಿದರು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಸಿನಿಮಾ 1990ರಲ್ಲಿ ಬಂದ ಮೇಲೆ ಮೈಸೂರಿನ ಮನೆಗಳಲ್ಲೂ ಆ ಪದಗಳು ಬಾಯಿಪಾಠವಾದವು. ಮುಂದೆ ರಘು ಅವುಗಳಿಗೆ ಗಿಟಾರ್ ಕಟ್ಟಿದರು. ಪ್ರತಿ ಸಲವೂ ಯಾರೋ ಒಬ್ಬರು ಏನನ್ನೋ ಕಳೆದುಕೊಂಡಿದ್ದಾರೆ. ದಮ್ಮಡಿ ಹೋಯಿತೆಂದು ಕೊರಗಿದ ಆ ಗೆಳೆಯನ ಮಾತು ಸುಳ್ಳಲ್ಲ. ಅದು ನಿಜವಾಗಿಯೂ ಹೋಗಿತ್ತು. ದೊಡ್ಡಪ್ಪನ ನಿಧಾನವೂ ಹೋಯಿತು. ನನ್ನ ಗೆಜ್ಜೆಯೂ ಹೋಗಿದೆ. ಮುಂದಿನವರಿಗೆ ಬೇರೇನೋ ಸಿಕ್ಕಿತು ಎಂಬ ಸಮಾಧಾನದಿಂದ ಕಳೆದದ್ದು ವಾಪಸ್ಸು ಬರುವುದಿಲ್ಲ. ಇದನ್ನು ನಾನು ಹಟಕ್ಕೆ ಹೇಳುತ್ತಿಲ್ಲ.

ಅಂದಹಾಗೆ, ‘ಜಗ್ ಚಂಗಾ’ವನ್ನು ನಾನು ಪೂರ್ತಿ ಬಿಟ್ಟವನಲ್ಲ. ಅದರಲ್ಲಿರುವ ಷರೀಫರ ‘ಲೋಕದ ಕಾಳಜಿ’ ನನ್ನ ಮೊಬೈಲಿನಲ್ಲಿ ಈಗಲೂ ಇದೆ. ಯಾರ ಮನೆಯಲ್ಲಾದರೂ ಸಾವಾದ ದಿನ, ಕೆಲಸದಲ್ಲಿ ತಲೆ ಕೆಟ್ಟ ದಿನ ಹಾಕಿಕೊಳ್ಳುತ್ತೇನೆ. ಕುಕ್ಕರಹಳ್ಳಿ ಕೆರೆ ಏರಿಯ ಒಂದು ಸುತ್ತು ಮುಗಿಯುವಷ್ಟರಲ್ಲಿ ಮೂರ್ನಾಲ್ಕು ಸಲ ಆಗುತ್ತದೆ. ಪ್ರತಿ ಸಲವೂ ವಾದ್ಯಗಳ ಹಿಂದೆ ಆ ಹಳೆಯ ಹುಡುಗನ ದನಿಯನ್ನು ಕಿವಿ ಹುಡುಕುತ್ತದೆ, ಒಮ್ಮೊಮ್ಮೆ ಸಿಗುತ್ತದೆ.

ಕೆರೆಯ ಪಕ್ಕದಲ್ಲೇ ಮಾನಸಗಂಗೋತ್ರಿಯ ಬಯಲು ರಂಗಮಂದಿರ. ಒಂದು ಸಂಜೆ ಅಲ್ಲಿ ಒಂದೇ ಗಿಟಾರ್, ಒಂದೇ ಪಿಟೀಲು, ಕಾಲಲ್ಲಿ ಗೆಜ್ಜೆ ಇಷ್ಟೇ ಇಟ್ಟುಕೊಂಡು ರಘು ಈ ಆಲ್ಬಮ್ಮಿನ ಹಾಡುಗಳನ್ನೇ ಹಾಡಬೇಕು. ಮಳೆ ಹನಿದರೂ ಸರಿ, ದೊಡ್ಡಪ್ಪನನ್ನು ಕೈಹಿಡಿದು ಕರೆತಂದು ಮುಂದಿನ ಮೆಟ್ಟಿಲಲ್ಲೇ ಕೂರಿಸುತ್ತೇನೆ.