ಪುಲಿಕಾಟ್: ಚೆನ್ನೈಗಿಂತ ಹಿರಿಯ ಬಂದರು

ಚೆನ್ನೈಯಿಂದ ಉತ್ತರಕ್ಕೆ ಹೊರಟು ಪೊನ್ನೇರಿ ದಾಟಿ ಮುಂದೆ ಹೋದರೆ, ಸುಮಾರು 60 ಕಿಲೋಮೀಟರ್ ದೂರದಲ್ಲಿ ಮೀನುಗಾರರ ಒಂದು ಊರು ಸಿಗುತ್ತದೆ. ಒಂದು ಕಡೆ ಆರಣಿ ನದಿ ಬಂದು ಸೇರುವ ಉಪ್ಪುನೀರಿನ ಸರೋವರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ. ತಮಿಳರು ಇದನ್ನು ಪಳವೇರ್ಕಾಡು ಎನ್ನುತ್ತಾರೆ, ಭೂಪಟದಲ್ಲಿ ಇದು ಪುಲಿಕಾಟ್. ಒಡಿಶಾದ ಚಿಲಿಕಾ ಬಿಟ್ಟರೆ ದೇಶದಲ್ಲಿ ಇಷ್ಟು ದೊಡ್ಡ ಉಪ್ಪುನೀರಿನ ಸರೋವರ ಇನ್ನೊಂದಿಲ್ಲ. ಚಳಿಗಾಲದಲ್ಲಿ ರಾಜಹಂಸಗಳನ್ನು ನೋಡಲು ಬರುವವರು ಬಹಳ. ಊರಿನ ಚರಿತ್ರೆ ಕೇಳಿಕೊಂಡು ಬರುವವರು ಕಡಿಮೆ.

ಕನ್ನಡಿಗರಂತೂ ಕೇಳಿಕೊಂಡು ಬರಲೇಬೇಕು. ಇದು ವಿಜಯನಗರದ ಬಂದರು. ಕೃಷ್ಣದೇವರಾಯನ ಕಾಲದ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ, ಬರ್ಮಾದ ಪೆಗುವಿನ ಮಾಣಿಕ್ಯ, ಕಸ್ತೂರಿಗಳು ಇಲ್ಲಿ ಬಂದಿಳಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಹಂಪಿಯ ಬೀದಿಯಲ್ಲಿ ರತ್ನ ಮಾರುತ್ತಿದ್ದರೆಂದು ಹೆಮ್ಮೆಯಿಂದ ಹೇಳುವ ನಾವು, ಅವು ಯಾವ ದಡಕ್ಕೆ ಬಂದಿಳಿದವು ಎಂಬುದನ್ನೂ ನೆನೆಯಬೇಕು. ಮುರಕಲ್ಲಿನಲ್ಲಿ ಕಟ್ಟಿದ ಆದಿನಾರಾಯಣ ಪೆರುಮಾಳ್ ದೇವಾಲಯ ಆ ಕಾಲದ ಗುರುತಾಗಿ ಊರಿನಲ್ಲಿ ಇನ್ನೂ ನಿಂತಿದೆ.

ತಾಳಿಕೋಟೆಯ ನಂತರ ರಾಜಧಾನಿ ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿ, ವೆಲ್ಲೂರುಗಳತ್ತ ಸರಿಯಿತು. ಆಗ ಆಳುತ್ತಿದ್ದ ಅರವೀಡು ವಂಶದ ವೆಂಕಟಪತಿರಾಯ 1610ರಲ್ಲಿ ಡಚ್ಚರಿಗೆ ಇಲ್ಲಿ ಮಳಿಗೆ ಕಟ್ಟಲು ಅನುಮತಿ ಕೊಟ್ಟ. ಈಗ ಚೆನ್ನೈಯ ಭಾಗವಾಗಿರುವ ಸ್ಯಾನ್ ಥೋಮೆಯ ಪೋರ್ಚುಗೀಸರು ಇದನ್ನು ಸಹಿಸಲಿಲ್ಲ. 1612ರಲ್ಲಿ ಬಂದು ಮಳಿಗೆಯನ್ನು ಹಾಳುಗೆಡವಿದರು. ಮರುವರ್ಷವೇ ಡಚ್ಚರು ಕೋಟೆ ಎಬ್ಬಿಸಿದರು. ಡಚ್ ಅಧಿಕಾರಿ ವೆಮ್ಮರ್ ಫಾನ್ ಬರ್ಕೆಮ್ ತನ್ನ ತಾಯ್ನಾಡಾದ ಗೆಲ್ಡರ್‌ಲ್ಯಾಂಡಿನ ನೆನಪಿಗೆ ಅದನ್ನು ಗೆಲ್ಡ್ರಿಯಾ ಎಂದು ಕರೆದ.

ಅದೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲೂ ಡಚ್ಚರು ನೆಲೆ ಹುಡುಕುತ್ತಿದ್ದರು. 1609ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸಂಬಳದಲ್ಲಿ ಹಡಗು ಹೊರಡಿಸಿದ ಹೆನ್ರಿ ಹಡ್ಸನ್, ಉತ್ತರ ಅಮೆರಿಕದಲ್ಲಿ ಇಂದು ಅವನ ಹೆಸರು ಹೊತ್ತಿರುವ ನದಿಯನ್ನು ಏರಿ ಹೋದ. 1614ರಲ್ಲಿ ಆ ನದಿಯ ನಡುಗಡ್ಡೆಯೊಂದರಲ್ಲಿ ಡಚ್ ವರ್ತಕರ ನಸ್ಸಾವ್ ಕೋಟೆ ಎದ್ದಿತು. ಅಲ್ಲಿ ಮೂಲನಿವಾಸಿಗಳಿಂದ ಕೊಳ್ಳುತ್ತಿದ್ದುದು ಬೀವರ್ ಪ್ರಾಣಿಯ ತುಪ್ಪುಳದ ಚರ್ಮ. ಇಲ್ಲಿ ಕೊಳ್ಳುತ್ತಿದ್ದುದು ಹತ್ತಿಬಟ್ಟೆ. ಜಾವಾ, ಮಲುಕುಗಳಲ್ಲಿ ಲವಂಗ, ಜಾಯಿಕಾಯಿ ಬೇಕೆಂದರೆ ಕೋರಮಂಡಲದ ಬಣ್ಣದ ಬಟ್ಟೆ ಕೊಡಬೇಕಿತ್ತು. ಯೂರೋಪಿನ ಸಂಬಾರದ ವ್ಯಾಪಾರ ನಿಂತದ್ದು ಇಲ್ಲಿನ ಒಳನಾಡಿನ ನೇಕಾರರ ಮಗ್ಗದ ಮೇಲೆ. ಪುಲಿಕಾಟಿನ ಚೌಕುಳಿ ಬಟ್ಟೆ ಎಷ್ಟು ಹೆಸರಾಯಿತೆಂದರೆ, ಪಳಯಕಾಟ್ ಲುಂಗಿ ಈಗಲೂ ಅಂಗಡಿಗಳಲ್ಲಿದೆ.

ಈ ಸಂಪತ್ತಿನ ಲೆಕ್ಕದಲ್ಲಿ ಮನುಷ್ಯರೂ ಸೇರಿದ್ದರು. ಬರ ಬಿದ್ದಾಗ, ಯುದ್ಧ ನಡೆದಾಗ ನಿರ್ಗತಿಕರಾದ ಸಾವಿರಾರು ಜನರನ್ನು ಗುಲಾಮರಾಗಿ ಕೊಂಡು ಇಲ್ಲಿಂದ ಜಾವಾದ ಬಟಾವಿಯಕ್ಕೆ ಹಡಗೇರಿಸಿದರು. ಬಟ್ಟೆಯ ಕತೆ ಹೇಳಿ ಇದನ್ನು ಬಿಟ್ಟುಬಿಡುವುದು ಅನ್ಯಾಯ.

ಕೋಟೆಯೊಳಗೆ ವಿದ್ಯೆಯ ಕೆಲಸವೂ ಒಂದು ನಡೆಯಿತು. 1632ರಿಂದ ಹತ್ತು ವರ್ಷ ಇಲ್ಲಿ ಪಾದ್ರಿಯಾಗಿದ್ದ ಅಬ್ರಹಾಂ ರೊಗೇರಿಯಸ್, ಪದ್ಮನಾಭನೆಂಬ ಬ್ರಾಹ್ಮಣನ ಬಳಿ ಕುಳಿತು ಹಿಂದೂ ಆಚಾರವಿಚಾರಗಳನ್ನು ಕೇಳಿ ಬರೆದುಕೊಂಡ. ಅವನು ತೀರಿಹೋದ ಮೇಲೆ, 1651ರಲ್ಲಿ, ಆ ಪುಸ್ತಕ ಲೈಡನ್ನಿನಲ್ಲಿ ಅಚ್ಚಾಯಿತು. ಭರ್ತೃಹರಿಯ ನೀತಿ, ವೈರಾಗ್ಯ ಶತಕಗಳು ಡಚ್ ನುಡಿಯಲ್ಲಿ ಅದರೊಳಗಿದ್ದವು. ಸಂಸ್ಕೃತ ಕಾವ್ಯ ಯೂರೋಪನ್ನು ತಲುಪಿದ್ದು ಮೊದಲು ಈ ದಾರಿಯಲ್ಲಿ.

ಪುಲಿಕಾಟಿನಲ್ಲಿ ಡಚ್ಚರ ಎದುರು ಬೇರೂರಲಾಗದ ಇಂಗ್ಲಿಷರು ಮೊದಲು ಉತ್ತರದ ಆರ್ಮಗಾಂನಲ್ಲಿ ನೆಲೆ ಮಾಡಿ, 1639ರಲ್ಲಿ ದಾಮರ್ಲ ವೆಂಕಟಪ್ಪ ನಾಯಕನಿಂದ ದಕ್ಷಿಣದ ಮರಳುದಡವೊಂದನ್ನು ಪಡೆದರು. ಅದೇ ಮದರಾಸಾಯಿತು. 1690ರಲ್ಲಿ ಡಚ್ಚರು ತಮ್ಮ ಕೋರಮಂಡಲದ ಮುಖ್ಯ ಕಚೇರಿಯನ್ನು ನಾಗಪಟ್ಟಣಕ್ಕೆ ಸಾಗಿಸಿದ ಮೇಲೆ ಪುಲಿಕಾಟಿನ ಕಳೆ ಇಳಿಯಿತು. 1825ರಲ್ಲಿ ಊರು ಶಾಶ್ವತವಾಗಿ ಬ್ರಿಟಿಷರ ಕೈಸೇರಿತು.

ಗೆಲ್ಡ್ರಿಯಾ ಕೋಟೆ ಈಗ ಪೊದೆ ಮುಚ್ಚಿದ ದಿಬ್ಬ. ಡಚ್ ಸ್ಮಶಾನ ಮಾತ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಉಳಿದಿದೆ. ಬಾಗಿಲಲ್ಲೇ ಎರಡು ಅಸ್ಥಿಪಂಜರಗಳ ಕೆತ್ತನೆ, ಒಳಗೆ ವಂಶಲಾಂಛನ ಕೆತ್ತಿದ ಗೋರಿಕಲ್ಲುಗಳು. ಊರಿನ ಮುಸ್ಲಿಂ ಹೆಂಗಸರು ತಾಳೆಗರಿಯಲ್ಲಿ ಬುಟ್ಟಿ, ಪೆಟ್ಟಿಗೆ ಹೆಣೆಯುತ್ತಾರೆ. ಸರೋವರದಲ್ಲಿ ಬಲೆ ಬೀಸುವ ಸರದಿಯನ್ನು ಮೀನುಗಾರರು ಪಾಡು ಎಂಬ ಹಳೆಯ ಕಟ್ಟಳೆಯಂತೆ ಹಂಚಿಕೊಳ್ಳುತ್ತಾರೆ. ಕೋಟೆಯ ದಿಬ್ಬವನ್ನು ಶಾಸ್ತ್ರೀಯವಾಗಿ ಅಗೆದು ನೋಡುವ ಕೆಲಸ ನಡೆಯಬೇಕು. ಚೆನ್ನೈಗೆ ಹೋಗುವ ಓದುಗರು ಒಂದು ದಿನವನ್ನು ಈ ಊರಿಗೆ ಮೀಸಲಿಡಲಿ, ಹಿಂತಿರುಗುವಾಗ ಅಲ್ಲಿ ಹೆಣೆದ ಬುಟ್ಟಿಯೊಂದನ್ನು ಕೊಂಡು ತರಲಿ.