ಆಪ್ತಸಲಹೆಯ ಕೋಣೆಯಲ್ಲೇ ಗಾಯವಾದರೆ?

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಿರಲಿ, ಬಸವೇಶ್ವರನಗರದ ಹಾವನೂರು ವೃತ್ತವಿರಲಿ, ಕೆಂಗೇರಿ ಉಪನಗರವಿರಲಿ, ದಂತವೈದ್ಯರ ಮತ್ತು ಲೆಕ್ಕಪರಿಶೋಧಕರ ಫಲಕಗಳ ನಡುವೆ 'ಆಪ್ತಸಲಹಾ ಕೇಂದ್ರ' ಎಂಬ ಫಲಕ ಈಗ ಅಪರೂಪವಲ್ಲ. ವಿಜಯನಗರದಲ್ಲಿ ಕೆಎಎಸ್, ಐಎಎಸ್ ಪರೀಕ್ಷೆಗೆ ಓದುತ್ತ ಪಿ.ಜಿ. ಕೋಣೆಗಳಲ್ಲಿ ವರ್ಷಗಳನ್ನು ಕಳೆಯುವ ಯುವಕರು, ರಾತ್ರಿಪಾಳಿಯಿಂದ ಬಳಲಿದ ಉದ್ಯೋಗಿಗಳು, ಮಾತು ನಿಂತುಹೋದ ದಂಪತಿಗಳು ಇಂಥ ಕೇಂದ್ರಗಳ ಮೆಟ್ಟಿಲು ಹತ್ತುತ್ತಾರೆ. ಮನಸ್ಸಿನ ತೊಂದರೆಗೆ ನೆರವು ಪಡೆಯುವುದು ನಾಚಿಕೆಯ ವಿಷಯವಲ್ಲ ಎಂಬ ಮಾತು ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಪ್ರಚಾರ ಪಡೆದಿದೆ. ಪ್ರಚಾರ ಪಡೆಯದೆ ಉಳಿದಿರುವುದು ಇನ್ನೊಂದು ಸತ್ಯ: ಆ ನೆರವಿನಿಂದಲೇ ಕೆಲವರಿಗೆ ಹಾನಿಯಾಗುತ್ತದೆ.

ಮಾತ್ರೆಯ ಡಬ್ಬಿಯೊಳಗೆ ಅಡ್ಡಪರಿಣಾಮಗಳ ಚೀಟಿ ಇರುತ್ತದೆ. ಮಾತಿನ ಚಿಕಿತ್ಸೆಗೆ ಅಂಥ ಚೀಟಿ ಇಲ್ಲ. 'ಮಾತನಾಡಿದರೆ ಏನು ಹಾಳಾಗುತ್ತದೆ?' ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಆದರೆ ಮಾತಿಗೆ ಗುಣಪಡಿಸುವ ಶಕ್ತಿ ಇದೆಯೆಂದು ಒಪ್ಪಿಕೊಂಡ ಮೇಲೆ, ಕೆಡಿಸುವ ಶಕ್ತಿ ಇಲ್ಲವೆಂದು ವಾದಿಸಲು ಬರುವುದಿಲ್ಲ.

ಲೆಕ್ಕ ಹೇಳುವುದೇನು?

ಮನೋಚಿಕಿತ್ಸೆ ಪಡೆದ ಕೆಲವರ ಸ್ಥಿತಿ ಮೊದಲಿಗಿಂತ ಹದಗೆಡುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಅಲೆನ್ ಬರ್ಗಿನ್ 1960ರ ದಶಕದಲ್ಲಿಯೇ ದಾಖಲಿಸಿದ್ದರು. ಇತ್ತೀಚಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ಬ್ರಿಟನ್ನಿನ ಮನೋವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಚಿಕಿತ್ಸೆ ಪಡೆದ 14 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೇಳಿದಾಗ, ಸುಮಾರು ಇಪ್ಪತ್ತರಲ್ಲಿ ಒಬ್ಬರು ಚಿಕಿತ್ಸೆಯಿಂದ ತಮಗೆ ದೀರ್ಘಕಾಲ ಉಳಿಯುವ ಕೆಟ್ಟ ಪರಿಣಾಮ ಆಗಿದೆ ಎಂದರು. ಜನಾಂಗೀಯ ಅಲ್ಪಸಂಖ್ಯಾತರು ಮತ್ತು ಲೈಂಗಿಕ ಅಲ್ಪಸಂಖ್ಯಾತರಲ್ಲಿ ಈ ಪ್ರಮಾಣ ಹೆಚ್ಚಾಗಿತ್ತು. ಚಿಕಿತ್ಸೆ ಆರಂಭವಾಗುವ ಮುನ್ನ ಅದರ ಬಗ್ಗೆ ಸಾಕಷ್ಟು ಮಾಹಿತಿ ದೊರೆತವರಲ್ಲಿ ಕಡಿಮೆಯಿತ್ತು.

ಇದಕ್ಕಿಂತ ಕಸಿವಿಸಿ ಉಂಟುಮಾಡುವ ಅಧ್ಯಯನ 2005ರದು. ಅಮೆರಿಕದಲ್ಲಿ 550 ಸಲಹಾರ್ಥಿಗಳ ಪೈಕಿ ಯಾರ ಸ್ಥಿತಿ ಹದಗೆಡಬಹುದು ಎಂದು ಅವರ ಚಿಕಿತ್ಸಕರನ್ನೇ ಕೇಳಲಾಯಿತು. ಚಿಕಿತ್ಸಕರು ಗುರುತಿಸಿದ್ದು ಮೂವರನ್ನು. ನಿಜವಾಗಿ ಹದಗೆಟ್ಟವರು 40 ಮಂದಿ. ಆ ಮೂವರಲ್ಲಿಯೂ ಊಹೆ ಸರಿಯಾದದ್ದು ಒಬ್ಬರ ವಿಷಯದಲ್ಲಿ ಮಾತ್ರ. ಇವರು ಅಜ್ಞಾನಿಗಳಾಗಲಿ ಕಟುಕರಾಗಲಿ ಆಗಿರಲಿಲ್ಲ. ತನ್ನೆದುರು ಕುಳಿತವರಿಗೆ ಒಳಿತಾಗುತ್ತಿದೆ ಎಂದು ನಂಬುವುದು ಈ ವೃತ್ತಿಯಲ್ಲಿರುವವರಿಗೆ ಸಹಜ. ಆ ನಂಬಿಕೆಯೇ ಕಣ್ಣಿಗೆ ಪರದೆಯಾಗುತ್ತದೆ.

ನೋವು ಬೇರೆ, ಹಾನಿ ಬೇರೆ

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಚಿಕಿತ್ಸೆಯಲ್ಲಿ ಅಳು ಬರುವುದು, ಮನೆಗೆ ಹಿಂದಿರುಗಿದ ಮೇಲೆ ಒಂದೆರಡು ದಿನ ಮನಸ್ಸು ಭಾರವಾಗುವುದು ಹಾನಿಯಲ್ಲ. ಗೀಳುರೋಗದಿಂದ ದಿನಕ್ಕೆ ಐವತ್ತು ಸಲ ಕೈ ತೊಳೆಯುವವರಿಗೆ ತೊಳೆಯದೆ ತಡೆದುಕೊಳ್ಳುವ ಅಭ್ಯಾಸ ಮಾಡಿಸಿದಾಗ ಮೊದಲ ವಾರಗಳಲ್ಲಿ ತಳಮಳ ಹೆಚ್ಚುತ್ತದೆ. ಅದು ನಿರೀಕ್ಷಿತ. ಹೀಗಾಗುತ್ತದೆ ಎಂದು ಮುಂಚಿತವಾಗಿ ತಿಳಿಸಿ, ಒಪ್ಪಿಗೆ ಪಡೆದು ಮಾಡಿದರೆ ಅದು ಚಿಕಿತ್ಸೆ. ತಿಳಿಸದೆ ಮಾಡಿದರೆ ಅದೇ ಕ್ರಮ ಆಘಾತವಾಗಬಹುದು.

ಒಳ್ಳೆಯ ಉದ್ದೇಶದಿಂದ ಹುಟ್ಟಿದ ವಿಧಾನವೇ ಕೆಡುಕು ಮಾಡಿದ ಉದಾಹರಣೆಯೂ ಇದೆ. ಅಪಘಾತ, ದುರಂತಗಳಿಗೆ ಸಿಲುಕಿದವರನ್ನು ಕೂಡಲೇ ಕೂರಿಸಿಕೊಂಡು ನಡೆದದ್ದೆಲ್ಲವನ್ನೂ ಒಂದೇ ಸಲಕ್ಕೆ ಹೇಳಿಸುವ ಪದ್ಧತಿ 1980 ಮತ್ತು 90ರ ದಶಕಗಳಲ್ಲಿ ಜನಪ್ರಿಯವಾಗಿತ್ತು. ರಸ್ತೆ ಅಪಘಾತದ ಗಾಯಾಳುಗಳನ್ನು ಮೂರು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನ 2000ದಲ್ಲಿ ಹೊರಬಂತು. ಆರಂಭದಲ್ಲಿ ತೀವ್ರ ಯಾತನೆಯಲ್ಲಿದ್ದವರ ಪೈಕಿ, ಹೀಗೆ ಹೇಳಿಸಿಕೊಂಡವರೇ ಹೇಳಿಸಿಕೊಳ್ಳದವರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದರು. ಈ ಬಗೆಯ ಕಡ್ಡಾಯ ಕೂಟಗಳನ್ನು ನಿಲ್ಲಿಸಬೇಕು ಎಂದು ಕಾಕ್ರೇನ್ ಸಮೀಕ್ಷೆ 2002ರಲ್ಲಿ ಹೇಳಿತು. 'ಎಲ್ಲವನ್ನೂ ಹೊರಗೆ ಹಾಕಿಬಿಡಿ, ಹಗುರಾಗುತ್ತೀರಿ' ಎಂಬ ಮಾತು ಇಂದಿಗೂ ನಮ್ಮಲ್ಲಿ ಕೇಳಿಬರುತ್ತಲೇ ಇದೆ.

'ಸ್ವಲ್ಪ ಹೊಂದಿಕೊಂಡು ಹೋಗಮ್ಮಾ'

ಲೈಂಗಿಕ ದುರ್ಬಳಕೆಯಂಥ ಘೋರ ಅಪರಾಧಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಹಾನಿ ಎಂದರೆ ಅಷ್ಟೇ ಅಲ್ಲ. ಅದು ಬಹಳ ಸಲ ಮೆಲುದನಿಯಲ್ಲಿ, ಹಿತನುಡಿಯ ರೂಪದಲ್ಲಿ ಬರುತ್ತದೆ. ಗಂಡನಿಂದ ಪೆಟ್ಟು ತಿಂದ ಮಹಿಳೆಯೊಬ್ಬರು ಸಲಹೆಗೆ ಬರುತ್ತಾರೆ ಎಂದು ಭಾವಿಸೋಣ. ಸಲಹೆಗಾರರು ಇಬ್ಬರನ್ನೂ ಒಟ್ಟಿಗೆ ಕೂರಿಸಿ, 'ಅವರಿಗೆ ಯಾಕೆ ಸಿಟ್ಟು ಬರುತ್ತೆ ಅಂತ ನೀವೂ ಯೋಚನೆ ಮಾಡಬೇಕಲ್ವಾ? ಸ್ವಲ್ಪ ಹೊಂದಿಕೊಂಡು ಹೋಗಮ್ಮಾ' ಎನ್ನುತ್ತಾರೆ. ಆಕೆ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಪೆಟ್ಟಿಗೆ ಈಗ ವೃತ್ತಿಪರ ಸಮರ್ಥನೆಯೂ ಸಿಕ್ಕಂತಾಯಿತು.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ 2006ರಲ್ಲಿ ರೂಪಿಸಿದ ನಿಯಮಗಳು ಈ ಅಪಾಯವನ್ನು ಗುರುತಿಸಿವೆ. ನ್ಯಾಯಾಲಯದ ಆದೇಶದಂತೆ ನಡೆಯುವ ಆಪ್ತಸಲಹೆಯಲ್ಲಿ, ಎಸಗಿದ ದೌರ್ಜನ್ಯಕ್ಕೆ ಪ್ರತಿವಾದಿಯು ಯಾವ ಸಮರ್ಥನೆಯನ್ನೂ ನೀಡಲು ಅವಕಾಶವಿಲ್ಲ ಎಂದು ಅವು ಹೇಳುತ್ತವೆ. ಖಾಸಗಿ ಕೇಂದ್ರಗಳ ಸಲಹೆಗಾರರು ಈ ಒಂದು ನಿಯಮವನ್ನು ಓದಿಕೊಂಡರೂ ಎಷ್ಟೋ ಉಪಕಾರವಾದೀತು.

ಇನ್ನೊಂದು ಹಾನಿ ಗುಟ್ಟು ಹೊರಬೀಳುವುದು. ಶುಲ್ಕ ಕೊಡುವವರು ತಂದೆ. ಮಾತನಾಡುವವಳು ಇಪ್ಪತ್ತೊಂದು ವರ್ಷದ ಮಗಳು. 'ಏನಂದಳು ಡಾಕ್ಟ್ರೇ?' ಎಂದು ತಂದೆ ಬಾಗಿಲಲ್ಲಿ ನಿಂತು ಕೇಳಿದಾಗ ಸಂಕೋಚಕ್ಕೆ ಸಿಕ್ಕಿ ಹೇಳಿಬಿಡುವುದು ಸುಲಭ. ಮಾನಸಿಕ ಅಸ್ವಸ್ಥತೆಗೆ ಆರೈಕೆ ಪಡೆಯುತ್ತಿರುವವರ ಗೌಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೇ ಕಲಂ ಹಕ್ಕಾಗಿ ಕೊಟ್ಟಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ವಿನಾಯಿತಿ ಇದೆ. 'ಅಪ್ಪ ಕೇಳಿದರು' ಎಂಬುದು ಆ ಪಟ್ಟಿಯಲ್ಲಿಲ್ಲ.

ಸಲಿಂಗಾಸಕ್ತರನ್ನು 'ಸರಿಪಡಿಸುವ' ಹೆಸರಿನ ಚಿಕಿತ್ಸೆ ಮೂರನೆಯದು. ಮದ್ರಾಸ್ ಹೈಕೋರ್ಟ್ 2021ರ ಜೂನ್‌ನಲ್ಲಿ ಇಂಥ ಪ್ರಯತ್ನಗಳನ್ನು ನಿಷೇಧಿಸುವಂತೆ ನಿರ್ದೇಶನ ನೀಡಿತು. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ಈ ವಿಷಯ ತಮಗೆ ಚೆನ್ನಾಗಿ ತಿಳಿಯದೆಂದು ಬಹಿರಂಗವಾಗಿ ಒಪ್ಪಿಕೊಂಡು, ತೀರ್ಪಿಗೆ ಮೊದಲು ತಾವೇ ಮನಶ್ಶಾಸ್ತ್ರಜ್ಞರ ಎದುರು ಕುಳಿತು ತಿಳಿದುಕೊಂಡರು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಇದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಆದರೆ ಆಯೋಗದ ಮಾತು ನಡೆಯುವುದು ನೋಂದಾಯಿತ ವೈದ್ಯರ ಮೇಲೆ. ವೈದ್ಯರಲ್ಲದ ಸಲಹೆಗಾರರು ಅದರ ವ್ಯಾಪ್ತಿಗೆ ಬರುವುದಿಲ್ಲ.

ಗುರುವಿಗೆ ಎದುರಾಡುವುದುಂಟೆ?

ಇಂಥ ಹಾನಿಗಳು ಹೊರಗೆ ಬಾರದಿರುವುದೇಕೆ? ಉತ್ತರದ ಒಂದು ಎಳೆ ಬೆಂಗಳೂರಿನಲ್ಲೇ ಸಿಗುತ್ತದೆ. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾಗಿ 1954ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಎನ್.ಸಿ. ಸೂರ್ಯ, ಎಸ್.ಎಸ್. ಜಯರಾಮ್ ಅವರೊಂದಿಗೆ 1964ರಲ್ಲಿ ಭಾರತೀಯ ಸನ್ನಿವೇಶದಲ್ಲಿ ಮನೋಚಿಕಿತ್ಸೆಯ ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಇಲ್ಲಿನ ರೋಗಿ ತನ್ನೊಳಗನ್ನು ಅಗೆದು ನೋಡುವ ವಿವರಣೆಗಿಂತ ನೇರವಾದ ಆಸರೆಯನ್ನು ಬಯಸುತ್ತಾನೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವೇ ಭಾರತದ ಚಿಕಿತ್ಸೆಗೆ ಮಾದರಿಯಾಗಬಹುದೇ ಎಂದು ಚರ್ಚಿಸಿದರು.

ನೇಕಿಯವರ ವಿಚಾರದಲ್ಲಿ ಹುರುಳಿದೆ. ಜನ ಸಲಹೆಗಾರರನ್ನು ಗುರುವಿನಂತೆಯೇ ಕಾಣುತ್ತಾರೆ. ವಿಶ್ವಾಸ ಬೇಗ ಬೆಳೆಯುತ್ತದೆ. ಆದರೆ ಗುರುವಿಗೆ ಎದುರಾಡುವ ರೂಢಿ ನಮ್ಮಲ್ಲಿಲ್ಲ. ಸಲಹೆ ಹಿಡಿಸದಿದ್ದರೆ 'ಹೂಂ ಸರ್' ಎಂದು ಎದ್ದು ಹೋಗಿ, ಮತ್ತೆ ಬಾರದಿರುವುದೇ ನಮ್ಮ ಪ್ರತಿಭಟನೆ. ಸಲಹೆಗಾರರ ಪುಸ್ತಕದಲ್ಲಿ ಅದು 'ಬರುವುದು ನಿಲ್ಲಿಸಿದರು' ಎಂದು ದಾಖಲಾಗುತ್ತದೆ. ಅವರು ಗುಣವಾಗಿ ನಿಲ್ಲಿಸಿದರೋ, ನೊಂದು ನಿಲ್ಲಿಸಿದರೋ ತಿಳಿಯುವ ಬಗೆಯಿಲ್ಲ. ಭಾಷೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಸಲಹೆಗಾರರು ಕಲಿತದ್ದು ಇಂಗ್ಲಿಷಿನಲ್ಲಿ. ಎದುರಿಗಿರುವವರು ಸಂಕಟಪಡುವುದು ಕನ್ನಡದಲ್ಲಿ. 'ಎದೆ ಭಾರ', 'ಜೀವ ಕೈಗೆ ಬಂದ ಹಾಗೆ', 'ತಲೆಯೆಲ್ಲ ಗುಂಯ್' ಎಂಬ ಮಾತುಗಳನ್ನು ಅವಸರದಲ್ಲಿ 'ಆಂಗ್ಸೈಟಿ' ಎಂದು ಬರೆದುಕೊಂಡರೆ ಹೇಳಿದ್ದರಲ್ಲಿ ಅರ್ಧ ಅಲ್ಲೇ ಉಳಿಯಿತು.

ಫಲಕ ಹಾಕಲು ಯಾರಿಗೆ ಹಕ್ಕು?

ಕಾನೂನಿನ ಸ್ಥಿತಿ ಗೊಂದಲಮಯ. ಮನೋವೈದ್ಯರು ವೈದ್ಯಕೀಯ ಪದವೀಧರರು. ಅವರಿಗೆ ವೈದ್ಯಕೀಯ ಪರಿಷತ್ತು ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ 1992ರ ಕಾಯ್ದೆಯ 13ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ 'ಆಪ್ತಸಲಹೆಗಾರ', 'ಕೌನ್ಸೆಲರ್', 'ಲೈಫ್ ಕೋಚ್' ಎಂಬ ಹೆಸರುಗಳಿಗೆ ಇಂಥ ಬೇಲಿ ಇಲ್ಲ. ಎರಡು ವರ್ಷ ಮನಶ್ಶಾಸ್ತ್ರ ಓದಿದವರೂ, ವಾರಾಂತ್ಯದ ಪ್ರಮಾಣಪತ್ರ ಪಡೆದವರೂ ಅಕ್ಕಪಕ್ಕದ ಕಟ್ಟಡಗಳಲ್ಲಿ ಒಂದೇ ಬಗೆಯ ಫಲಕ ಹಾಕಬಹುದು.

ಇದನ್ನು ಸರಿಪಡಿಸುವ ಯತ್ನ ಆರಂಭವಾಗಿದೆ. ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ 2021ರ ರಾಷ್ಟ್ರೀಯ ಆಯೋಗ ಕಾಯ್ದೆಯು ಮನಶ್ಶಾಸ್ತ್ರಜ್ಞರನ್ನೂ ಕೆಲವು ವರ್ಗದ ಸಲಹೆಗಾರರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಈ ಕಾಯ್ದೆಯ ವ್ಯಾಪ್ತಿಗೆ ಬರುವ ಮನಶ್ಶಾಸ್ತ್ರ ಕೋರ್ಸ್‌ಗಳನ್ನು ದೂರಶಿಕ್ಷಣದಲ್ಲಿ ನಡೆಸುವುದನ್ನು ಯುಜಿಸಿ 2025ರಲ್ಲಿ ನಿಲ್ಲಿಸಿತು.

ದೂರು ನೀಡುವ ದಾರಿಯಲ್ಲಿಯೂ ಒಂದು ಬಿರುಕಿದೆ. ಸೇವೆಯಲ್ಲಿನ ಲೋಪದ ಬಗ್ಗೆ ದೂರು ಕೊಡುವ ಹಕ್ಕನ್ನು 2017ರ ಕಾಯ್ದೆಯ 28ನೇ ಕಲಂ ನೀಡಿದೆ. ಸಂಸ್ಥೆಯ ವೈದ್ಯಾಧಿಕಾರಿ, ಮಂಡಳಿ, ರಾಜ್ಯ ಪ್ರಾಧಿಕಾರ ಎಂಬ ಮೆಟ್ಟಿಲುಗಳೂ ಇವೆ. ಆದರೆ ಆ ಕಾಯ್ದೆಯ ಪ್ರಕಾರ 'ಮಾನಸಿಕ ಆರೋಗ್ಯ ಸಂಸ್ಥೆ' ಎಂದರೆ ರೋಗಿಗಳನ್ನು ದಾಖಲಿಸಿಕೊಂಡು ಇರಿಸಿಕೊಳ್ಳುವ ಸಂಸ್ಥೆ. ಎರಡು ಕುರ್ಚಿ, ಒಂದು ಮೇಜಿನ ಸಲಹಾ ಕೋಣೆ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಕೇಳುವ ಅಭ್ಯಾಸ

ಹಾಗಾದರೆ ಚಿಕಿತ್ಸಕರು ಮಾಡಬೇಕಾದದ್ದೇನು? ಕಾನೂನು ಪೂರ್ಣಗೊಳ್ಳುವವರೆಗೆ ಕಾಯಬೇಕಾಗಿಲ್ಲ. ಬ್ರಿಟನ್ನಿನ ಅಧ್ಯಯನ ತೋರಿಸಿದ ಮೊದಲ ದಾರಿ ಮಾಹಿತಿ. ತಮ್ಮ ಓದು ಏನು, ಬಳಸುವ ವಿಧಾನ ಯಾವುದು, ಎಷ್ಟು ಭೇಟಿ ಬೇಕಾಗಬಹುದು, ಆರಂಭದಲ್ಲಿ ಏನು ಕಷ್ಟವಾಗಬಹುದು, ಯಾವ ಗುಟ್ಟನ್ನು ಕಾಯಲಾಗುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲಿಯೇ, ಸಲಹಾರ್ಥಿಯ ಭಾಷೆಯಲ್ಲಿ, ಹೇಳುವುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಲಹಾರ್ಥಿಗೆ ಇದು ಗೊತ್ತಾಗಬೇಕಾದದ್ದು ಹೇಳಿಕೊಳ್ಳುವ ಮೊದಲು, ಹೇಳಿದ ಮೇಲಲ್ಲ. ಕುಟುಂಬದವರು ಶುಲ್ಕ ಕೊಡುತ್ತಿದ್ದರೆ ಅವರಿಗೆ ಏನು ತಿಳಿಸಲಾಗುತ್ತದೆ, ಏನು ತಿಳಿಸಲಾಗುವುದಿಲ್ಲ ಎಂಬುದನ್ನು ಎಲ್ಲರೂ ಇದ್ದಾಗಲೇ ಇತ್ಯರ್ಥ ಮಾಡಿಕೊಂಡರೆ ಬಾಗಿಲ ಬಳಿಯ ಪ್ರಶ್ನೆ ಹುಟ್ಟುವುದಿಲ್ಲ.

ಎರಡನೆಯದು, ಪ್ರತಿ ಭೇಟಿಯಲ್ಲೂ ಕೇಳುವುದು. ಚಿಕಿತ್ಸಕರ ಊಹೆ ನಂಬಲರ್ಹವಲ್ಲವೆಂದು 40ಕ್ಕೆ ಒಂದರ ಲೆಕ್ಕ ತೋರಿಸಿಕೊಟ್ಟಿದೆ. ಅಮೆರಿಕದ ಮೈಕೆಲ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಸಲಹಾರ್ಥಿಗಳು ಪ್ರತಿ ಸಲ ಕಿರುಪ್ರಶ್ನಾವಳಿಯೊಂದನ್ನು ತುಂಬಿ, ಸ್ಥಿತಿ ಕುಸಿದಾಗ ಚಿಕಿತ್ಸಕರಿಗೆ ಎಚ್ಚರಿಕೆ ಹೋಗುವ ಕ್ರಮವನ್ನು ಪರೀಕ್ಷಿಸಿದ್ದಾರೆ. ಎಚ್ಚರಿಕೆ ತಲುಪಿದ ಕಡೆ ಹದಗೆಡುವವರ ಸಂಖ್ಯೆ ತಗ್ಗಿದೆ. ನಮ್ಮಲ್ಲಿ ಕಾಗದವನ್ನೂ 'ಎಲ್ಲ ಚೆನ್ನಾಗಿದೆ' ಎಂದೇ ತುಂಬುವ ಮರ್ಯಾದಸ್ಥರಿದ್ದಾರೆ. ಆದ್ದರಿಂದ 'ನಿಮಗೆ ಇಷ್ಟವಾಯಿತೇ?' ಎಂಬುದಕ್ಕಿಂತ 'ಇವತ್ತು ನಾನು ಹೇಳಿದ್ದರಲ್ಲಿ ನಿಮಗೆ ಒಪ್ಪಿಗೆಯಾಗದ ಮಾತು ಯಾವುದು?' ಎಂದು ಕೇಳುವುದು ಹೆಚ್ಚು ಫಲಕಾರಿಯಾಗಬಹುದು.

ಉತ್ತರ ಬಂದಾಗ ಏನು ಮಾಡಬೇಕೆಂಬುದೇ ಕಠಿಣವಾದ ಭಾಗ. 'ನಿಮ್ಮ ಮಾತು ನೋಯಿಸಿತು' ಎಂದವರಿಗೆ 'ಅದು ನಿಮ್ಮ ಕಾಯಿಲೆಯ ಲಕ್ಷಣ' ಎಂದು ಉತ್ತರಿಸುವುದು ಎರಡನೆಯ ಗಾಯ. ಸಂಬಂಧ ಹಳಸಿದಾಗ ಅದನ್ನು ಮುಕ್ತವಾಗಿ ಮಾತನಾಡಿ ಸರಿಪಡಿಸಿಕೊಂಡರೆ ಚಿಕಿತ್ಸೆಯ ಫಲ ಉತ್ತಮವಾಗುತ್ತದೆಂದು ಸಂಶೋಧನೆಗಳು ಹೇಳುತ್ತವೆ. 'ತಪ್ಪು ನನ್ನದು, ನಾನು ಅವಸರಪಟ್ಟೆ' ಎಂದು ಒಪ್ಪಿಕೊಂಡ ಚಿಕಿತ್ಸಕರು ಗುರುಪೀಠದಿಂದ ಒಂದು ಮೆಟ್ಟಿಲು ಇಳಿಯುತ್ತಾರೆ ನಿಜ. ಸಲಹಾರ್ಥಿಗೆ ಬಾಯಿ ಬರುವುದು ಆಗಲೇ. ಒಂಟಿ ಕೋಣೆಯಲ್ಲಿ ವರ್ಷಗಟ್ಟಲೆ ಒಬ್ಬರೇ ಕೆಲಸ ಮಾಡುವವರು ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೆಸರು ಮರೆಮಾಡಿ ತಮ್ಮ ಪ್ರಕರಣಗಳನ್ನು ಒಪ್ಪಿಸುವ ರೂಢಿ ಇಟ್ಟುಕೊಳ್ಳುವುದೂ, ತಮಗೆ ತಿಳಿಯದ ತೊಂದರೆಯನ್ನು ತಿಳಿದವರ ಬಳಿಗೆ ಕಳಿಸುವುದೂ ಇದೇ ಜಾತಿಯ ಕೆಲಸಗಳು.

ಈಗಾಗಲೇ ನೊಂದವರು ಚಿಕಿತ್ಸೆಯನ್ನೇ ಕೈಬಿಡಬೇಕಾಗಿಲ್ಲ; ಚಿಕಿತ್ಸಕರನ್ನು ಬದಲಾಯಿಸಬಹುದು. ಮನೋವೈದ್ಯರು ನೀಡಿದ ಔಷಧಗಳನ್ನು ಮಾತ್ರ ಸಿಟ್ಟಿನಲ್ಲಿ ಥಟ್ಟನೆ ನಿಲ್ಲಿಸಬಾರದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ಪುನರ್ವಸತಿ ಪರಿಷತ್ತಿನ ಜಾಲತಾಣದಲ್ಲಿ ಪರಿಶೀಲಿಸಬಹುದು; ಕೇಳಿದ್ದಕ್ಕೆ ಸಿಡುಕಿದರೆ ಅದೂ ಒಂದು ಮಾಹಿತಿಯೇ. ರಾತ್ರಿಯ ಹೊತ್ತು ಯಾರೂ ಸಿಗದಾಗ, ನಿಮ್ಹಾನ್ಸ್ ಕೇಂದ್ರಸಂಸ್ಥೆಯಾಗಿರುವ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.