ಹಿತ್ತಿಲ ಗೊಬ್ಬರವೂ ಬಾವಿಯ ನೀರೂ

ಹಿತ್ತಿಲ ಹೂವು ಕಾಯಿಗಳಿಗೆ ಗೊಬ್ಬರವಿಡುವುದು ನಮಗೆ ಹೊಸತಲ್ಲ. ಆದರೆ ಹಿಂದೆ ಬುಟ್ಟಿಗಟ್ಟಲೆ ಹೊತ್ತು ಹಾಕುತ್ತಿದ್ದ ಸಾರವನ್ನು ಈಗ ಒಂದು ಹಿಡಿಯಲ್ಲಿ ಎರಚಿಬಿಡುತ್ತೇವೆ. ಎಚ್ಚರಿಕೆ ಬೇಕಾದುದು ಇಲ್ಲಿಯೇ.

ಯೂರಿಯಾದ 100 ಪಾಲಿನಲ್ಲಿ 46 ಪಾಲು ಸಾರಜನಕವಿದೆ. ಸಾಧಾರಣ ಕೊಟ್ಟಿಗೆಗೊಬ್ಬರದಲ್ಲಿ ಅದು 1 ಪಾಲಿಗೂ ಕಡಮೆ. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾವನ್ನು ಕಡೆಗೆ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಬೇರು ಹೀರಿದಷ್ಟು ಗಿಡಕ್ಕಾಯಿತು. ಮಿಕ್ಕುದನ್ನು ಮಣ್ಣು ಹಿಡಿದಿಡಲಾರದು. ಅದು ಮಳೆಯೊಡನೆ ಇಳಿದು ಬಾವಿಯನ್ನು ಸೇರುವುದುಂಟು. ತಿಪ್ಪೆಯಿಂದಲೂ ಮಲಗುಂಡಿಯಿಂದಲೂ ಸೋರಿದುದು ಅದರೊಡನೆ ಕೂಡಿಕೊಳ್ಳುವುದು.

ಭಾರತೀಯ ಮಾನಕ ಬ್ಯೂರೋದ 2012ರ ನಿಯಮದಂತೆ ಕುಡಿಯುವ ನೀರಿನ 1 ಲೀಟರಿನಲ್ಲಿ ನೈಟ್ರೇಟು 45 ಮಿಲಿಗ್ರಾಮನ್ನು ಮೀರಕೂಡದು. ನೈಟ್ರೇಟು ಹೆಚ್ಚಾದ ನೀರಿನಲ್ಲಿ ಕದಡಿದ ಹಾಲುಪುಡಿಯನ್ನು ಕುಡಿದ ಎಳೆಗೂಸಿನ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು, ಮೈ ನೀಲಿಗಟ್ಟಬಹುದು. ಕುದಿಸಿದರೆ ಈ ದೋಷವು ಹೋಗದು. ನೀರು ಆವಿಯಾದಷ್ಟೂ ನೈಟ್ರೇಟಿನ ಪ್ರಮಾಣವು ಏರುವುದು.

ಆದುದರಿಂದ ಹಿತ್ತಿಲಿಗೆ ಚೆನ್ನಾಗಿ ಕಳಿತ ಎಲೆಗೊಬ್ಬರ, ಹೊಂಗೆಯ ಅಥವಾ ಬೇವಿನ ಹಿಂಡಿ, ಇವೇ ಮೊದಲಾಗಲಿ. ಅವು ಸಾರವನ್ನು ನಿಧಾನವಾಗಿ ಬಿಡುತ್ತವೆ. ಇವನ್ನೂ ಮಿತಿಮೀರಿ ಸುರಿಯತಕ್ಕುದಲ್ಲ. ಹುಲ್ಲುಹಾಸಿಗೆ ಯೂರಿಯಾ ಬೇಕೇ ಬೇಕೆಂದರೆ ಚದರ ಮೀಟರಿಗೆ ಒಮ್ಮೆಗೆ 10 ಗ್ರಾಮನ್ನು ಮೀರದಂತೆ ತೂಗಿ ಹಾಕಿ, ಹದವಾಗಿ ನೀರುಣಿಸೋಣ. ಜಡಿಮಳೆಯ ಮುನ್ನ ಹಾಕುವುದು ಬೇಡ; ಬಾವಿಯ ಸುತ್ತಲಂತೂ ಎಂದಿಗೂ ಬೇಡ. ಕೂಸಿರುವ ಮನೆಯಲ್ಲಿ ಬಾವಿನೀರನ್ನೇ ಬಳಸುವವರು ಅದನ್ನು ಪರೀಕ್ಷೆಮಾಡಿಸತಕ್ಕುದು. ಗಿಡಕ್ಕೆ ಒಂದು ಹಿಡಿ ಕಡಮೆಯಾದರೆ ಮುಂದಿನ ತಿಂಗಳು ಹಾಕಬಹುದು; ಬಾವಿಗಿಳಿದುದನ್ನು ಹಿಂದಕ್ಕೆ ಸೇದಲಾಗದು.